ತುರ್ತು ಚಿಕಿತ್ಸೆ ಮನೆಬಾಗಿಲಿಗೆ ಬಂದ ಬಗೆ

ಅಮರಗೋಳ ಹುಬ್ಬಳ್ಳಿಯೂ ಅಲ್ಲ, ಧಾರವಾಡವೂ ಅಲ್ಲ. ಎರಡರ ನಡುವೆ, ನವನಗರದ ಮಗ್ಗುಲಲ್ಲಿರುವ ಊರು. ಚಾಲುಕ್ಯರ ಕಾಲದ ಗುಡಿ, ಸಣ್ಣ ರೈಲು ನಿಲ್ದಾಣ, ಹಗಲೆಲ್ಲ ಲಾರಿಗಳು ಓಡಾಡುವ ಎಪಿಎಂಸಿ ಪ್ರಾಂಗಣ ಇಲ್ಲಿವೆ. ಊರಿನ ಒಂದು ದಿಕ್ಕಿಗೆ ವಿದ್ಯಾನಗರದ ಸರಕಾರಿ ಆಸ್ಪತ್ರೆ, ಇನ್ನೊಂದು ದಿಕ್ಕಿಗೆ ಸತ್ತೂರಿನ ಎಸ್‌ಡಿಎಂ ಆಸ್ಪತ್ರೆ. ಎರಡೂ ಹತ್ತು ಕಿಲೋಮೀಟರಿನೊಳಗೆ ಸಿಗುತ್ತವೆ. ತುರ್ತು ಚಿಕಿತ್ಸೆಯ ಲೆಕ್ಕದಲ್ಲಿ ಇಷ್ಟು ಅನುಕೂಲ ಇರುವ ಊರು ಉತ್ತರ ಕರ್ನಾಟಕದಲ್ಲಿ ಅಪರೂಪ. ಕರಾವಳಿಯಿಂದ ಅರಬೈಲು ಘಟ್ಟ ಹತ್ತಿ, ಇಲ್ಲವೆ ಹಾವೇರಿ, ಗದಗ, ಕೊಪ್ಪಳದ ಹಳ್ಳಿಗಳಿಂದ ಹೊರಟು, ರೋಗಿಯನ್ನು ಹುಬ್ಬಳ್ಳಿಗೆ ತರುವವರಿಗೆ ಗಂಟೆಗಟ್ಟಲೆ ಹಾದಿ. ಅಮರಗೋಳದವರಿಗೆ ಆ ಹಾದಿ ಇಲ್ಲ. ಆದರೂ ಇಂಥ ಊರುಗಳಿಂದಲೂ ಎದೆನೋವಿನವರು, ಲಕ್ವಾ ಹೊಡೆದವರು ತಡವಾಗಿ ಬರುತ್ತಾರೆ. ಕಳೆದ ಆರು ದಶಕಗಳಲ್ಲಿ ಚಿಕಿತ್ಸೆ ಆಸ್ಪತ್ರೆಯ ಒಳಗಿನಿಂದ ಬೀದಿಯತ್ತ ಒಂದೊಂದೇ ಹೆಜ್ಜೆ ಇಡುತ್ತ ಬಂದಿದೆ. ಮನೆಯವರು ರೋಗವನ್ನು ಗುರುತಿಸುವ ಕಡೆ ಮಾತ್ರ ಅದು ಇನ್ನೂ ಹೊಸ್ತಿಲು ದಾಟಿಲ್ಲ.

ವಿದ್ಯಾನಗರದ ಆ ಆಸ್ಪತ್ರೆಯ ಕರ್ನಾಟಕ ಮೆಡಿಕಲ್ ಕಾಲೇಜು ಹುಬ್ಬಳ್ಳಿಯಲ್ಲಿ ಶುರುವಾದದ್ದು 1957ರಲ್ಲಿ. ಆಮೇಲೆ ಅದು ಕಿಮ್ಸ್ ಆಯಿತು, ಈಗ ಕೆಎಂಸಿಆರ್‌ಐ. ಹಳಬರ ಬಾಯಲ್ಲಿ ಇವತ್ತಿಗೂ ಅದು ಕೆಎಂಸಿಯೇ. ಆಗ ತುರ್ತು ವಿಭಾಗಕ್ಕೆ 'ಕ್ಯಾಜುವಾಲ್ಟಿ' ಎಂಬ ಒಂದೇ ಹೆಸರು, ಮತ್ತು ಅದು ಯಾರ ವಿಭಾಗವೂ ಆಗಿರಲಿಲ್ಲ. ಇಲ್ಲಿ ಮಾತ್ರವಲ್ಲ, ದೇಶದ ಬಹುತೇಕ ಆಸ್ಪತ್ರೆಗಳಲ್ಲಿ ಅತ್ಯಂತ ಕಠಿಣ ರೋಗಿಯನ್ನು ಅತ್ಯಂತ ಕಿರಿಯ ವೈದ್ಯ ಮೊದಲು ನೋಡುತ್ತಿದ್ದ. ಅವನು ಮೆಡಿಸಿನ್‌ಗೋ ಸರ್ಜರಿಗೋ ಕಳಿಸಿದ ಮೇಲೆಯೇ ಚಿಕಿತ್ಸೆ ಆರಂಭ. ಅಮೆರಿಕದಲ್ಲಿ ತುರ್ತು ವೈದ್ಯಕೀಯ ಸ್ವತಂತ್ರ ಶಾಖೆ ಎಂದು ಒಪ್ಪಿತವಾದದ್ದು 1979ರಲ್ಲಿ. ಭಾರತೀಯ ವೈದ್ಯಕೀಯ ಪರಿಷತ್ತು ಅದನ್ನು ಒಪ್ಪುವಾಗ 2009 ಆಗಿತ್ತು. ಮೂವತ್ತು ವರ್ಷ! ಮೊದಲ ಹತ್ತು ನಿಮಿಷ ನೋಡುವುದೇ ಒಂದು ವಿದ್ಯೆ ಎಂದು ನಮ್ಮ ವೈದ್ಯಲೋಕಕ್ಕೆ ಒಪ್ಪಿಸಲು ಅಷ್ಟು ಕಾಲ ಬೇಕಾಯಿತು.

ಈ ವಿದ್ಯೆಯ ಬೇರು ಇರುವುದು 1960ರಲ್ಲಿ. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನ ಕೌವೆನ್‌ಹೋವೆನ್, ಜೂಡ್, ನಿಕ್ಕರ್‌ಬಾಕರ್ ಎಂಬ ಮೂವರು, ನಿಂತುಹೋದ ಹೃದಯವನ್ನು ಎದೆ ಕೊಯ್ಯದೆ ಹೊರಗಿನಿಂದ ಒತ್ತಿ ರಕ್ತ ಓಡಿಸಬಹುದು ಎಂದು ತೋರಿಸಿದರು. ಮೂವರಲ್ಲಿ ಹಿರಿಯರಾದ ಕೌವೆನ್‌ಹೋವೆನ್ ವೈದ್ಯರಲ್ಲ, ವಿದ್ಯುತ್ ಎಂಜಿನಿಯರ್. ಬೇಕಾದದ್ದು ಎರಡು ಕೈ ಮಾತ್ರ ಎಂಬರ್ಥದ ಅವರ ಮಾತು ಆ ಕಾಲದ ವೈದ್ಯರನ್ನು ಬೆಚ್ಚಿಬೀಳಿಸಿತು. 1966ರಲ್ಲಿ ಬೆಲ್‌ಫಾಸ್ಟಿನ ಫ್ರಾಂಕ್ ಪ್ಯಾಂಟ್ರಿಡ್ಜ್ ವಿದ್ಯುತ್ ಆಘಾತದಿಂದ ಹೃದಯದ ಬಡಿತ ಸರಿಪಡಿಸುವ, ಕಾರಿನ ಬ್ಯಾಟರಿಯಿಂದ ನಡೆಯುವ ಭಾರೀ ಡಿಫಿಬ್ರಿಲೇಟರನ್ನು ಆಂಬುಲೆನ್ಸಿಗೆ ಹೇರಿ ರೋಗಿಯ ಮನೆಗೇ ಒಯ್ದರು. ಹೃದಯಾಘಾತದಲ್ಲಿ ಸಾಯುವವರು ಹೆಚ್ಚಾಗಿ ಮೊದಲ ಗಂಟೆಯಲ್ಲೇ, ಆಸ್ಪತ್ರೆಯ ಹೊರಗೇ ಸಾಯುತ್ತಾರೆ ಎಂಬುದು ಅವರ ಲೆಕ್ಕಾಚಾರ. ಆ ಲೆಕ್ಕ ಇಂದಿಗೂ ತಪ್ಪಿಲ್ಲ.

ನಮ್ಮಲ್ಲಿ ಆಂಬುಲೆನ್ಸ್ ಎಂದರೆ ಬಹುಕಾಲ ಮಲಗಿಸಿ ಒಯ್ಯುವ ಗಾಡಿ, ಅಷ್ಟೆ. ಊರಲ್ಲಿ ಟೆಂಪೊ ಇದ್ದವರ ಮನೆ ಬಾಗಿಲು ಬಡಿಯುವುದೇ ತುರ್ತು ಸೇವೆ. 2008ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ, ಕರ್ನಾಟಕದಲ್ಲಿ 'ಆರೋಗ್ಯ ಕವಚ' 108 ಸೇವೆ ಆರಂಭವಾಯಿತು. ಆಮ್ಲಜನಕ, ತರಬೇತಿ ಪಡೆದ ಸಿಬ್ಬಂದಿ ಇರುವ ವಾಹನ ಹಳ್ಳಿಗೂ ಬರತೊಡಗಿದ್ದು ಆಗ. ಒಂದು ತಲೆಮಾರಿನ ಬಡವರಿಗೆ ಸರಕಾರದಿಂದ ಸಿಕ್ಕ ಅತ್ಯಂತ ಉಪಯುಕ್ತ ವಸ್ತುಗಳಲ್ಲಿ ಇದೂ ಒಂದು ಎಂದರೆ ಅತಿಶಯವಲ್ಲ. ಹಾಗೆಂದು ಇದು ಕುಂದಿಲ್ಲದ ವ್ಯವಸ್ಥೆಯಲ್ಲ. 2022ರ ಸೆಪ್ಟೆಂಬರಿನಲ್ಲಿ ಕರೆ ಸ್ವೀಕರಿಸುವ ತಂತ್ರಾಂಶ ಕೈಕೊಟ್ಟು ರಾಜ್ಯದ ಜನ ಪರದಾಡಿದರು. ಸಂಬಳದ ತಕರಾರು, ಮುಷ್ಕರದ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ.

ಕಾನೂನು ಹಿಡಿದ ದಾರಿ ಬೇರೆ. ಅಪಘಾತದಲ್ಲಿ ಬಿದ್ದವನನ್ನು ಮುಟ್ಟಿದರೆ ಪೊಲೀಸ್ ಠಾಣೆ, ಕೋರ್ಟು ಸುತ್ತಬೇಕಾದೀತೆಂದು ಜನ ದೂರ ನಿಲ್ಲುತ್ತಿದ್ದರು. ಪೊಲೀಸರು ಬರಲಿ ಎಂದು ಆಸ್ಪತ್ರೆಗಳೂ ಕಾಯುತ್ತಿದ್ದವು. 1989ರಲ್ಲಿ ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಜೀವ ಉಳಿಸುವುದು ಮೊದಲು, ಕಾಗದಪತ್ರ ಆಮೇಲೆ ಎಂದು ಸ್ಪಷ್ಟಪಡಿಸಿತು. ನೆರವಿಗೆ ಬಂದವರನ್ನು ಕಾಡಬಾರದೆಂಬ ಮಾರ್ಗಸೂಚಿಗೆ ಅದೇ ಕೋರ್ಟು ಕಡ್ಡಾಯದ ಬಲ ಕೊಟ್ಟದ್ದು 2016ರ ಮಾರ್ಚಿನಲ್ಲಿ. ಅದೇ ವರ್ಷ ಫೆಬ್ರುವರಿಯಲ್ಲಿ ನೆಲಮಂಗಲದ ಬಳಿ ಲಾರಿ ಹರಿದು ದೇಹ ಎರಡು ಭಾಗವಾದ ಹರೀಶ್ ನಂಜಪ್ಪ ಎಂಬ ತರುಣ, ತನ್ನ ಅಂಗಾಂಗ ದಾನ ಮಾಡಿ ಎಂದು ಕೇಳಿಕೊಂಡು ಪ್ರಾಣಬಿಟ್ಟರು. ಅವರ ಹೆಸರಿನಲ್ಲಿ ಬಂದ 'ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ' ಗಾಯಾಳುವಿಗೆ ಮೊದಲ 48 ಗಂಟೆ 25,000 ರೂಪಾಯಿವರೆಗಿನ ಚಿಕಿತ್ಸೆಯನ್ನು ಉಚಿತವಾಗಿಸಿತು. 2025ರಲ್ಲಿ ಕೇಂದ್ರ ಸರಕಾರವೂ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಯ ನಗದುರಹಿತ ಚಿಕಿತ್ಸೆ ಜಾರಿಗೆ ತಂದಿದೆ. ಅವಳಿ ನಗರದವರಿಗೆ ಇದು ದೂರದ ಮಾತಲ್ಲ. ಗಬ್ಬೂರಿನಿಂದ ನರೇಂದ್ರದವರೆಗಿನ ಬೈಪಾಸ್ ವರ್ಷಾನುಗಟ್ಟಲೆ ದ್ವಿಪಥವಾಗಿಯೇ ಉಳಿದು ಎಷ್ಟು ಜೀವ ತಿಂದಿದೆಯೆಂದು ಇಲ್ಲಿಯವರಿಗೆ ಗೊತ್ತು. 2021ರ ಜನವರಿ 15ರಂದು ಇಟಿಗಟ್ಟಿ ಬಳಿ, ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರ ವಾಹನಕ್ಕೆ ಟಿಪ್ಪರ್ ಡಿಕ್ಕಿಯಾದದ್ದನ್ನು ಯಾರೂ ಮರೆತಿಲ್ಲ. ಅಪಘಾತದಲ್ಲಿ ಕನಿಷ್ಠಪಕ್ಷ ಯಾರಿಗೂ ಗೊಂದಲವಿಲ್ಲ: ರಕ್ತ ಕಣ್ಣಿಗೆ ಕಾಣುತ್ತದೆ, ಜನ ಓಡಿಬರುತ್ತಾರೆ.

ಎದೆನೋವು ಹಾಗಲ್ಲ. "ಗ್ಯಾಸ್ ಆಗೇತ್ರಿ, ಸ್ವಲ್ಪ ಸೋಡಾ ಕುಡದು ಮಲಗಿದ್ರ ಸರಿ ಹೋಗ್ತೇತಿ" ಎಂಬ ಮಾತಿಗೆ ನಮ್ಮ ಸೀಮೆಯಲ್ಲಿ ಬಲಿಯಾದವರಿಗೆ ಲೆಕ್ಕವಿಲ್ಲ. ಎದೆಯ ನಡುವೆ ಹಿಂಡಿದಂತೆ, ಭಾರ ಹೇರಿದಂತೆ ಆಗುವುದು, ನೋವು ಎಡಗೈಗೆ, ದವಡೆಗೆ, ಬೆನ್ನಿಗೆ ಹರಿಯುವುದು, ತಣ್ಣನೆ ಬೆವರು, ಏದುಸಿರು ಇವು ಲಕ್ಷಣಗಳು. ಮಧುಮೇಹಿಗಳಲ್ಲಿ, ವಯಸ್ಸಾದವರಲ್ಲಿ, ಹೆಂಗಸರಲ್ಲಿ ನೋವೇ ಇಲ್ಲದೆ ಬರೀ ಸುಸ್ತು, ವಾಕರಿಕೆ ಇರಬಹುದು. ಹೊಟ್ಟೆಯ ಮೇಲ್ಭಾಗದ ಉರಿಯನ್ನು ಗ್ಯಾಸ್ ಎನ್ನುವ ಮೊದಲು ಒಂದು ಇಸಿಜಿ ಆಗಲೇಬೇಕು. ಆಸ್ಪತ್ರೆಯ ಬಾಗಿಲಿಗೆ ಬಂದ ಹತ್ತು ನಿಮಿಷದೊಳಗೆ ಅದು ಆಗಬೇಕೆಂಬುದು ಜಗತ್ತಿನಾದ್ಯಂತ ಒಪ್ಪಿದ ನಿಯಮ.

ಹೃದಯಾಘಾತದ ಚಿಕಿತ್ಸೆ ಬದಲಾದದ್ದು 1988ರ ಐಸಿಸ್-2 ಅಧ್ಯಯನದಿಂದ. 17,000ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಆ ಪ್ರಯೋಗ, ಸಾಧಾರಣ ಆಸ್ಪಿರಿನ್ ಗುಳಿಗೆಯೊಂದೇ ಸಾವನ್ನು ಐದರಲ್ಲಿ ಒಂದು ಭಾಗಕ್ಕೂ ಹೆಚ್ಚು ತಗ್ಗಿಸುತ್ತದೆಂದು ತೋರಿಸಿತು. ಸ್ಟ್ರೆಪ್ಟೊಕೈನೇಸ್ ಜೊತೆಗೂಡಿದರೆ ಇನ್ನೂ ಹೆಚ್ಚು. ಅಲ್ಲಿಂದ ಮುಂದೆ ಸ್ಟೆಂಟು, ಕ್ಯಾಥ್‌ಲ್ಯಾಬುಗಳ ಯುಗ. ಆದರೆ ಕ್ಯಾಥ್‌ಲ್ಯಾಬ್ ಇರುವುದು ದೊಡ್ಡ ಊರಲ್ಲಿ, ರೋಗಿ ಇರುವುದು ತಾಲ್ಲೂಕಿನಲ್ಲಿ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ತೀರಿಕೊಂಡಾಗ ಇಡೀ ನಾಡು ಎದೆ ಮುಟ್ಟಿ ನೋಡಿಕೊಂಡಿತು. ಅವರ ಹೆಸರಿನ 'ಹೃದಯ ಜ್ಯೋತಿ' ಯೋಜನೆ 2023ರಲ್ಲಿ ಬಂತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ತಜ್ಞರು ಕೂತಲ್ಲೇ ನೋಡಿ ಹೇಳುತ್ತಾರೆ. ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡಲಾಗುತ್ತದೆ. ಹತ್ತಾರು ಸಾವಿರ ರೂಪಾಯಿಯ ಮದ್ದು ಅದು. ಪ್ಯಾಂಟ್ರಿಡ್ಜ್ ಕಂಡ ದಾರಿ ನಮ್ಮ ತಾಲ್ಲೂಕು ಮುಟ್ಟಿದ್ದು ಹೀಗೆ. 2025ರಲ್ಲಿ ಹಾಸನದ ಹಠಾತ್ ಸಾವುಗಳ ಸುದ್ದಿ ಹಬ್ಬಿದಾಗ ಮಾತ್ರ ಜನ ಹೆದರಿ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಸಾಲುಗಟ್ಟಿ ನಿಂತರು. ಭಯ ಬಂದಾಗ ತಪಾಸಣೆಗೆ ಓಡುವುದು, ನೋವು ಬಂದಾಗ ಸೋಡಾ ಕುಡಿಯುವುದು: ಈ ವೈಪರೀತ್ಯಕ್ಕೆ ಯೋಜನೆಗಳಲ್ಲಿ ಮದ್ದಿಲ್ಲ.

ನಾಲಗೆಯಡಿ ಸಾರ್ಬಿಟ್ರೇಟ್ ಇಡುವ ರೂಢಿ ಬಗ್ಗೆ ಒಂದು ಮಾತು. ರಕ್ತದೊತ್ತಡ ಕುಸಿದವರಿಗೆ ಅದು ಅಪಾಯ. ನೆರೆಮನೆಯವರ ಡಬ್ಬಿಯಿಂದ ತಂದು ಇಡುವ ಮದ್ದಲ್ಲ. ಅಲರ್ಜಿ, ರಕ್ತಸ್ರಾವದ ತೊಂದರೆ ಇಲ್ಲದಿದ್ದರೆ, ವೈದ್ಯರನ್ನೋ 108 ಸಿಬ್ಬಂದಿಯನ್ನೋ ಕೇಳಿ 300 ಮಿಲಿಗ್ರಾಂ ಆಸ್ಪಿರಿನ್ ಅಗಿಯುವುದು ಮೇಲು.

ಲಕ್ವಾದ ಕಥೆ ಇನ್ನೂ ವಿಷಾದದ್ದು. 1995ರವರೆಗೆ ಮೆದುಳಿನ ರಕ್ತನಾಳ ಕಟ್ಟಿದವರಿಗೆ ಆ ಕ್ಷಣದಲ್ಲಿ ಮಾಡುವಂಥದ್ದು ಹೆಚ್ಚೇನೂ ಇರಲಿಲ್ಲ. ನಾಟಿ ಔಷಧ, ಎಣ್ಣೆ ತಿಕ್ಕುವುದರ ಮೇಲೆ ನಂಬಿಕೆ ಬೆಳೆದದ್ದು ಆ ಕಾಲದಲ್ಲೇ, ಮತ್ತು ಅದಕ್ಕೆ ಜನರನ್ನು ದೂರುವಂತಿಲ್ಲ. ಆ ವರ್ಷ ಅಮೆರಿಕದ ಅಧ್ಯಯನವೊಂದು ಮೂರು ಗಂಟೆಯೊಳಗೆ ಹೆಪ್ಪು ಕರಗಿಸಿದರೆ ಅಂಗವೈಕಲ್ಯ ತಗ್ಗುತ್ತದೆಂದು ಸಾಬೀತು ಮಾಡಿತು. 2008ರಲ್ಲಿ ಆ ಅವಧಿ ನಾಲ್ಕೂವರೆ ಗಂಟೆಗೆ ಹಿಗ್ಗಿತು. 2015ರಿಂದೀಚೆಗೆ ಆಯ್ದ ರೋಗಿಗಳಲ್ಲಿ ದೊಡ್ಡ ಹೆಪ್ಪನ್ನು ತಂತಿಯಿಂದ ಎಳೆದು ತೆಗೆಯುವುದೂ ಒಪ್ಪಿತ ಚಿಕಿತ್ಸೆಯಾಯಿತು. ನಂಬಿಕೆ ಮಾತ್ರ 1995ರ ಹಿಂದೆಯೇ ಉಳಿಯಿತು. ಮುಖ ಸೊಟ್ಟಗಾದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ನೇರವಾಗಿ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಬೇಕು. ಹೆಪ್ಪೋ, ರಕ್ತಸ್ರಾವವೋ ಎಂದು ಸ್ಕ್ಯಾನ್ ಮಾತ್ರ ಹೇಳಬಲ್ಲದು. ವೈದ್ಯರು ಕೇಳುವ ಮೊದಲ ಪ್ರಶ್ನೆ: ಕೊನೆಯ ಬಾರಿ ಚೆನ್ನಾಗಿದ್ದದ್ದು ಎಷ್ಟು ಗಂಟೆಗೆ? ಆ ಹೊತ್ತನ್ನು ಬರೆದಿಟ್ಟುಕೊಂಡವರು ಅರ್ಧ ಕೆಲಸ ಮಾಡಿದಂತೆ. ಗ್ಲುಕೋಮೀಟರ್ ಇದ್ದರೆ ಶುಗರ್ ನೋಡಿ. ಸಕ್ಕರೆ ಕುಸಿದಾಗಲೂ ಲಕ್ವಾದ ಹಾಗೇ ಕಾಣಬಹುದು. ಪ್ರಜ್ಞೆ ಇದ್ದು ನುಂಗುವ ಶಕ್ತಿ ಇದ್ದರೆ ಸಕ್ಕರೆ ನೀರು ಕುಡಿಸಬಹುದು, ಇಲ್ಲದಿದ್ದರೆ ಬಾಯಿಗೆ ಏನೂ ಹಾಕಕೂಡದು.

ಹೊಲದ ಸೀಮೆಯ ತುರ್ತುಗಳು ಬೇರೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೂ ಒಂದೇ ಪ್ರತಿವಿಷ ನಮ್ಮಲ್ಲಿದೆ. 1895ರಲ್ಲಿ ಕಾಲ್ಮೆಟ್ ಕಂಡುಕೊಂಡ ದಾರಿಯೇ ಇವತ್ತಿನದೂ: ಕುದುರೆಗೆ ಅಲ್ಪ ವಿಷ ಕೊಟ್ಟು ಅದರ ರಕ್ತದ ಸೀರಮ್ ತೆಗೆಯುವುದು. ಒಂದು ಪ್ರದೇಶದ ಹಾವಿನ ವಿಷಕ್ಕೂ ಇನ್ನೊಂದರದಕ್ಕೂ ವ್ಯತ್ಯಾಸವಿದೆ, ಒಂದೇ ಮದ್ದು ಎಲ್ಲೆಡೆ ಸಮನಾಗಿ ನಾಟುವುದಿಲ್ಲ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗಾರ್ ಅವರ ತಂಡ ತೋರಿಸಿದೆ. ಮಂಡಲದ ಹಾವುಗಳ ವಿಷ ಏರಿದೆಯೇ ಎಂಬ ಪರೀಕ್ಷೆ ಮಾತ್ರ ಇವತ್ತಿಗೂ ಸರಳ: ರಕ್ತವನ್ನು ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು ಹೆಪ್ಪುಗಟ್ಟಿತೇ ಎಂದು ನೋಡುವುದು. ಹಳ್ಳಿಯ ಆರೋಗ್ಯ ಕೇಂದ್ರದಲ್ಲೂ ಆಗುವ ಕೆಲಸ. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ನೋವಿಲ್ಲದೆ ಕಚ್ಚುತ್ತದೆ. ಬೆಳಿಗ್ಗೆ ಹೊಟ್ಟೆನೋವು, ಕಣ್ಣರೆಪ್ಪೆ ಇಳಿಬಿದ್ದರೆ ಹಾವನ್ನು ಕಾಣದಿದ್ದರೂ ಅದನ್ನೇ ಶಂಕಿಸಬೇಕು. ಹಗ್ಗ ಬಿಗಿಯುವುದು, ಬ್ಲೇಡಿನಿಂದ ಕೊಯ್ಯುವುದು, ಬಾಯಿಂದ ಹೀರುವುದು ಮೂರೂ ಹಾನಿ. ಕಚ್ಚಿದ ಅಂಗ ಅಲುಗದಂತೆ ಇಟ್ಟು ಒಯ್ಯಬೇಕು. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಎಷ್ಟು ಮಂದಿ, ಎಲ್ಲಿ ಎಂಬ ನಿಜವಾದ ಲೆಕ್ಕ ಇನ್ನು ಮುಂದೆಯಾದರೂ ಸಿಗಬೇಕು.

"ಎಣ್ಣಿ ಕುಡದಾನ್ರಿ" ಎಂದು ಓಡಿಬರುವ ಮನೆಯವರನ್ನು ಈ ಭಾಗದ ಪ್ರತಿಯೊಬ್ಬ ವೈದ್ಯ ಕಂಡಿರುತ್ತಾರೆ. ಬೆಳೆಗೆ ಹೊಡೆಯುವ ಕೀಟನಾಶಕವೇ ಇಲ್ಲಿ ಎಣ್ಣಿ. ಜೊಲ್ಲು, ಬೆವರು, ಸಣ್ಣಗಾದ ಕಣ್ಣಪಾಪೆ, ಎದೆಯಲ್ಲಿ ಗುರುಗುರು ಕಂಡರೆ ಅಟ್ರೋಪಿನ್ ಬೇಕು. ಅದನ್ನು ಐದೈದು ನಿಮಿಷಕ್ಕೆ ದುಪ್ಪಟ್ಟು ಮಾಡುತ್ತ, ಶ್ವಾಸಕೋಶ ತಿಳಿಯಾಗುವವರೆಗೆ ಕೊಡುವ ಕ್ರಮ ರೂಢಿಗೆ ಬಂದದ್ದು ಶ್ರೀಲಂಕಾ, ಬಾಂಗ್ಲಾದೇಶದ ವಾರ್ಡುಗಳಲ್ಲಿ ನಡೆದ ಕೆಲಸದಿಂದ. ಬಡದೇಶಗಳ ರೋಗಕ್ಕೆ ಬಡದೇಶಗಳಲ್ಲೇ ಉತ್ತರ ಸಿಕ್ಕ ಅಪರೂಪದ ನಿದರ್ಶನ ಅದು. ಮನೆಯವರು ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಬದಲು ಒದ್ದೆ ಬಟ್ಟೆ ಬಿಚ್ಚಿ, ಮೈ ತೊಳೆದು, ಮಗ್ಗುಲಾಗಿ ಮಲಗಿಸಿ ಹೊರಡಬೇಕು. ಬದುಕಿ ಬಂದವನನ್ನು ಬೈಯಬಾರದು. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಫಿಟ್ಸ್ ಬಂದಾಗ ಕೈಗೆ ಕೀಲಿಕೈ ಕೊಡುವ, ಉಳ್ಳಾಗಡ್ಡಿ ಮೂಸಿಸುವ ಪದ್ಧತಿ ಹೋಗಿಲ್ಲ. ಅಮರಗೋಳದ ಎಪಿಎಂಸಿಗೆ ಎಷ್ಟು ಲಾರಿ ಉಳ್ಳಾಗಡ್ಡಿ ಬಂದರೂ ಅದರಿಂದ ಒಬ್ಬರ ಫಿಟ್ಸೂ ನಿಂತಿಲ್ಲ. ಹೆಚ್ಚಿನವು ಎರಡು-ಮೂರು ನಿಮಿಷಕ್ಕೆ ತಾವೇ ನಿಲ್ಲುತ್ತವೆ, ಕೀರ್ತಿ ಕೀಲಿಕೈಗೆ ಹೋಗುತ್ತದೆ. ಐದು ನಿಮಿಷ ದಾಟಿದರೆ ಅದು ತುರ್ತು. ಹಿಂದೆ ಮೂವತ್ತು ನಿಮಿಷ ಎನ್ನುತ್ತಿದ್ದ ವ್ಯಾಖ್ಯೆಯನ್ನು ವೈದ್ಯಲೋಕ ಇಷ್ಟಕ್ಕೆ ಇಳಿಸಿದೆ.

ಕೊನೆಗೆ ಉಳಿಯುವುದು ಎರಡು ಕೈಯ ಕೆಲಸ. ಕುಸಿದು ಬಿದ್ದವರು ಕರೆದರೆ ಓಗೊಡದೆ, ಸರಿಯಾಗಿ ಉಸಿರಾಡದೆ ಇದ್ದರೆ 108ಕ್ಕೆ ಕರೆ ಮಾಡಿ ಎದೆಯ ನಡುವೆ ಐದಾರು ಸೆಂಟಿಮೀಟರ್ ಇಳಿಯುವಂತೆ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತಬೇಕು. ತರಬೇತಿ ಇಲ್ಲದವರು ಬಾಯಿಗೆ ಬಾಯಿಟ್ಟು ಊದಬೇಕಿಲ್ಲ. ಎಇಡಿ ಎಂಬ ಸಣ್ಣ ಡಿಫಿಬ್ರಿಲೇಟರ್ ಯಂತ್ರ ಇದ್ದರೆ ಅದೇ ಮುಂದಿನದನ್ನು ಹೇಳಿಕೊಡುತ್ತದೆ. ಸಾರ್ವಜನಿಕ ಸ್ಥಳಗಳಲ್ಲಿ ಈ ಯಂತ್ರ ಇಡುವುದೂ ಹೃದಯ ಜ್ಯೋತಿಯ ಉದ್ದೇಶಗಳಲ್ಲಿ ಒಂದು. ಹಾಗಿದ್ದರೆ ಅಮರಗೋಳದ ಮಾರುಕಟ್ಟೆ ಪ್ರಾಂಗಣ ಆ ಪಟ್ಟಿಯಲ್ಲಿ ಮೇಲೆ ಇರಬೇಕು. ಬಿಸಿಲಲ್ಲಿ ಚೀಲ ಹೊರುವ ಹಮಾಲರು, ಅಡತಿ ಅಂಗಡಿಯವರು, ನಿದ್ದೆಗೆಟ್ಟ ಲಾರಿ ಚಾಲಕರು, ವಯಸ್ಸಾದ ರೈತರು ಒಂದೇ ಕಡೆ ಸೇರುವ ಜಾಗ ಅದು. ಎಪಿಎಂಸಿ ಆಡಳಿತ ಒಂದು ಯಂತ್ರ ತರಿಸಿ ಕಾಣುವ ಕಡೆ ಇಡಲಿ. ಹಮಾಲರ ಸಂಘದವರನ್ನು ಸೇರಿಸಿ ಹತ್ತಿರದ ಎರಡು ವೈದ್ಯಕೀಯ ಕಾಲೇಜುಗಳಲ್ಲಿ ಒಂದರಿಂದ ತರಬೇತಿ ಕೊಡಿಸಲಿ. ಸಂತೆ ಇಲ್ಲದ ಒಂದು ಮಧ್ಯಾಹ್ನ ಸಾಕು.