ಭಾರತೀಯ ಅಡಿಯೂ ಎವರೆಸ್ಟನ ದೀರ್ಘವೃತ್ತಜವೂ

ಭೂಪಟಗಳನ್ನು ರಚಿಸುವ ಇಂದಿನ ತಂತ್ರಾಂಶಗಳಲ್ಲಿ ಭೂಮಿಯ ಆಕಾರವನ್ನು ಆರಿಸಿಕೊಳ್ಳಲು ಕೊಟ್ಟಿರುವ ಪಟ್ಟಿಯನ್ನು ತೆರೆದವರಿಗೆ, ಎವರೆಸ್ಟ್ ಎಂಬ ಒಂದೇ ಹೆಸರಿನಡಿಯಲ್ಲಿ 1937, 1962, 1975 ಎಂಬ ವರ್ಷಗಳ ಅಂಕಿತವುಳ್ಳ ಹಲವು ದೀರ್ಘವೃತ್ತಜಗಳು ಎದುರಾಗುತ್ತವೆ. ಅವುಗಳ ವಿಷುವತ್ ತ್ರಿಜ್ಯವು ಕ್ರಮವಾಗಿ 63,77,276.345, 63,77,301.243 ಮತ್ತು 63,77,299.151 ಮೀಟರು. ಭೂಮಿಯನ್ನು ಮೂರು ಬಾರಿ ಹೊಸದಾಗಿ ಅಳೆದುದರಿಂದ ಈ ಭೇದವುಂಟಾಯಿತೆಂದು ಭಾವಿಸುವುದು ಸಹಜವಾದರೂ ವಸ್ತುಸ್ಥಿತಿ ಹಾಗಿಲ್ಲ. ಮೂರಕ್ಕೂ ಮೂಲವಾದ ಗಣನೆ ಒಂದೇ, ಅದು 1830ರದು.

ಆ ಗಣನೆಯ ಪೂರ್ವಚರಿತ್ರೆ ನಮ್ಮ ನಾಡಿನಲ್ಲಿಯೇ ಆರಂಭವಾಗುತ್ತದೆ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ, ಪರ್ಯಾಯದ್ವೀಪವನ್ನು ಒಂದು ಕರಾವಳಿಯಿಂದ ಇನ್ನೊಂದಕ್ಕೆ ತ್ರಿಕೋನಗಳಿಂದ ಬೆಸೆಯುವ ಯೋಜನೆಯನ್ನು ಮುಂದಿಟ್ಟ ವಿಲಿಯಂ ಲ್ಯಾಂಬ್ಟನ್, 1800ರ ಕೊನೆಯ ತಿಂಗಳುಗಳಲ್ಲಿ ಬೆಂಗಳೂರಿನ ಬಳಿ ತನ್ನ ಮೊದಲ ಆಧಾರರೇಖೆಯನ್ನು ಅಳೆದನು. ಅದಕ್ಕೆ ಬಳಕೆಯಾದ ಉಕ್ಕಿನ ಸರಪಳಿಯು ಬ್ರಿಟಿಷ್ ರಾಯಭಾರಿ ಮೆಕಾರ್ಟ್ನಿಯ ನಿಯೋಗದೊಡನೆ ಚೀನದ ಚಕ್ರವರ್ತಿಗೆ ಕಾಣಿಕೆಯೆಂದು ಹೋಗಿ, ಕಡೆಗೆ ಕಲ್ಕತ್ತೆಗೆ ಬಂದು ಸೇರಿದ್ದ ವಸ್ತುವೆಂಬುದು ಮೋಜಣಿಯ ಚರಿತ್ರೆಯಲ್ಲಿ ಒಂದು ವಿನೋದದ ಪ್ರಸಂಗ. 1802ರಲ್ಲಿ ಮದರಾಸಿನ ಸಂತ ತೋಮರ ಬೆಟ್ಟದ ಬಳಿಯ ರೇಖೆಯಿಂದ ಮುಂದುವರಿದ ಕಾರ್ಯವನ್ನು, 1823ರಲ್ಲಿ ಲ್ಯಾಂಬ್ಟನ್ ಹಿಂಗಣಘಾಟದಲ್ಲಿ ತೀರಿಕೊಂಡ ಮೇಲೆ, ಜಾರ್ಜ್ ಎವರೆಸ್ಟ್ ವಹಿಸಿಕೊಂಡನು.

ಎವರೆಸ್ಟನು 1830ರಲ್ಲಿ ಪಡೆದ ವಿಷುವತ್ ತ್ರಿಜ್ಯವು 2,09,22,931.80 ಅಡಿ, ಚಪ್ಪಟೆತನವು ಸುಮಾರು 300.8ರಲ್ಲಿ ಒಂದು ಪಾಲು. ಆದರೆ ಗಾತ್ರ ಮತ್ತು ಆಕಾರಗಳು ತಿಳಿದ ಮಾತ್ರಕ್ಕೆ ಭೂಪಟ ಸಿದ್ಧವಾಗದು. ಆ ಗಣಿತದ ಕಾಯವನ್ನು ನಿಜವಾದ ಭೂಮಿಗೆ ಯಾವ ಸ್ಥಳದಲ್ಲಿ, ಯಾವ ದಿಕ್ಕಿನಲ್ಲಿ ತಾಗಿಸಿ ನಿಲ್ಲಿಸಬೇಕೆಂಬ ನಿರ್ಣಯವೂ ಬೇಕು, ಮತ್ತು ಡೇಟಮ್ ಎಂಬುದು ಈ ನಿರ್ಣಯವೇ. ಭಾರತದ ಮೋಜಣಿಯವರು ಇದಕ್ಕಾಗಿ ಇಂದಿನ ಮಧ್ಯಪ್ರದೇಶದಲ್ಲಿರುವ ಕಲ್ಯಾಣಪುರದ ಗುಡ್ಡವನ್ನು ಆರಿಸಿಕೊಂಡರು. ಈ ನಿರ್ಣಯ ಎಷ್ಟು ಸೂಕ್ಷ್ಮವಾದುದೆಂಬುದು ಬೇಗನೆ ಗೋಚರವಾಯಿತು. ಉತ್ತರದ ಕಲಿಯಾನಾ ನಿಲ್ದಾಣಕ್ಕೂ ಕಲ್ಯಾಣಪುರಕ್ಕೂ ನಡುವಣ ಅಕ್ಷಾಂಶಭೇದವನ್ನು ನಕ್ಷತ್ರವೇಧದಿಂದ ಒಂದು ಬಗೆಯಾಗಿಯೂ ತ್ರಿಕೋನಗಳಿಂದ ಇನ್ನೊಂದು ಬಗೆಯಾಗಿಯೂ ಪಡೆದಾಗ ಸುಮಾರು 5.24 ವಿಕಲೆಗಳ ವ್ಯತ್ಯಾಸ ಉಳಿಯಿತು. ಹಿಮಾಲಯದ ರಾಶಿಯು ತೂಕದ ಗುಂಡನ್ನು ತನ್ನೆಡೆಗೆ ಎಳೆದುದೇ ಇದಕ್ಕೆ ಕಾರಣವೆಂದು ತರ್ಕಿಸಿ ಕಲ್ಕತ್ತೆಯ ಪಾದ್ರಿ ಜಾನ್ ಪ್ರಾಟ್ 1855ರಲ್ಲಿ ಗಣಿಸಿದಾಗ, ಸೆಳೆತವು ಅದರ ಮೂರರಷ್ಟು, ಎಂದರೆ 15.885 ವಿಕಲೆಗಳಷ್ಟು ಇರಬೇಕೆಂದು ಬಂದಿತು! ಪರ್ವತಗಳ ಬುಡದಲ್ಲಿ ದ್ರವ್ಯದ ಕೊರತೆಯಿದೆಯೆಂಬ ಸಿದ್ಧಾಂತವು ಈ ವಿಷಮತೆಯ ಶೋಧನೆಯಿಂದಲೇ ರೂಪುಗೊಂಡಿತು. ನಮ್ಮ ಪ್ರಕೃತಕ್ಕೆ ಇಷ್ಟು ಸಾಕು.

ಇನ್ನು ಮೂರು ತ್ರಿಜ್ಯಗಳ ಮಾತು. ಮೂಲ ಅಂಕಿಯು ಭಾರತೀಯ ಅಡಿಯಲ್ಲಿತ್ತು. ಆ ಅಡಿಗೆ ಪ್ರಮಾಣವಾದುದು ಕಬ್ಬಿಣದ ಸರಳು. ಅದನ್ನು ಮೀಟರಿಗೆ ಪರಿವರ್ತಿಸುವಾಗ 1937ರ ಪಾಠದಲ್ಲಿ ಒಂದು ಅಡಿಗೆ 0.30479841, 1962ರದರಲ್ಲಿ 0.3047996, 1975ರದರಲ್ಲಿ 0.3047995 ಮೀಟರು ಎಂದು ಹಿಡಿಯಲಾಯಿತು. ಆರನೆಯ ಏಳನೆಯ ದಶಮಾಂಶಸ್ಥಾನಗಳಲ್ಲಿ ಅಡಗಿದ್ದ ಈ ಅಂತರವೇ ಎರಡು ಕೋಟಿ ಅಡಿಗಳಿಂದ ಗುಣಿತವಾಗಿ, ಮೊದಲೆರಡು ತ್ರಿಜ್ಯಗಳ ನಡುವೆ ಸುಮಾರು 25 ಮೀಟರಾಗಿ ಕಾಣಿಸಿಕೊಂಡಿದೆ. ಆ ಎರಡರಲ್ಲಿ ಒಂದು ಪಾಠಕ್ಕೆ ಬದಲಾಗಿ ಇನ್ನೊಂದನ್ನು ಆರಿಸಿದರೆ ಕಿಲೋಮೀಟರಿಗೆ ಸುಮಾರು 4 ಮಿಲಿಮೀಟರಿನ ದೋಷ. ಹೊಲದ ಅಳತೆಗೆ ಇದು ನಗಣ್ಯ, ರಾಜ್ಯಗಳನ್ನು ದಾಟುವ ತ್ರಿಕೋನಮಾಲೆಗೆ ಅಲ್ಲ.

ಉಪಗ್ರಹಗಳ ಕಾಲದಲ್ಲಿ ಬಳಕೆಗೆ ಬಂದ ಡಬ್ಲ್ಯೂಜಿಎಸ್-84ರ ತ್ರಿಜ್ಯ 63,78,137 ಮೀಟರು. ಅದರ ಕೇಂದ್ರವು ಭೂಮಿಯ ದ್ರವ್ಯಕೇಂದ್ರಕ್ಕೆ ಹೊಂದಿಕೊಂಡಿದೆ. ಕಲ್ಯಾಣಪುರಕ್ಕೆ ಒಗ್ಗಿಸಿ ನಿಲ್ಲಿಸಿದ ಎವರೆಸ್ಟನ ಕಾಯದ ಕೇಂದ್ರವಾದರೋ ಅಲ್ಲಿಂದ 800 ಮೀಟರಿಗೂ ಮೀರಿ ದೂರ ಸರಿದಿದೆ. ಆದುದರಿಂದ ಹಳೆಯ ಹಾಳೆಯ ಅಕ್ಷಾಂಶ ರೇಖಾಂಶಗಳನ್ನು ಪರಿವರ್ತಿಸದೆಯೇ ಹೊಸ ಪಟದ ಮೇಲೆ ಗುರುತಿಸಿದರೆ, ಬೆಂಗಳೂರಿನ ಆಸುಪಾಸಿನಲ್ಲಿ ಬಿಂದುವು ಸುಮಾರು 200 ಮೀಟರು ಪಲ್ಲಟವಾಗುತ್ತದೆ. 2005ರ ರಾಷ್ಟ್ರೀಯ ಭೂಪಟ ನೀತಿಯು ಸಾರ್ವಜನಿಕರ ಮುಕ್ತಶ್ರೇಣಿಯ ಪಟಗಳಿಗೆ ಡಬ್ಲ್ಯೂಜಿಎಸ್-84ನ್ನೇ ವಿಧಿಸಿತು. ಅದಕ್ಕೆ ಹಿಂದಿನ ಹಾಳೆಗಳಿಗೆ ತಂತ್ರಾಂಶವು ಅನ್ವಯಿಸುವ 295, 736, 257 ಮೀಟರುಗಳೆಂಬ ಮೂರು ಪಲ್ಲಟಾಂಕಗಳು ವಿಶಾಲವಾದ ಪ್ರದೇಶಕ್ಕೆಲ್ಲ ಸೇರಿಸಿ ತೆಗೆದ ಸರಾಸರಿಯಾದ ಕಾರಣ, ಪರದೆಯ ಮೇಲೆ ದಶಮಾಂಶಗಳು ಎಷ್ಟೇ ಉದ್ದವಾಗಿ ಮೂಡಿದರೂ ಫಲಿತವನ್ನು ಹತ್ತು ಮೀಟರಿಗಿಂತ ನಿಖರವೆಂದು ನಂಬುವುದು ಸಾಧುವಲ್ಲ.