ಶೇಂಗಾ ಕಾಳಿನೊಳಗಿನ ನೆರೆಹೊರೆ

ಶೇಂಗಾ ಕಾಳಿನಲ್ಲಿರುವ ಒಂದು ಪ್ರೋಟೀನಿನ ಒಳಗಟ್ಟನ್ನು ಮೊದಲು ಬಿಡಿಸಿ ತೋರಿಸಿದವರು ಬೆಂಗಳೂರಿನವರು. ನಮ್ಮ ಸಾಲಗುಂದದಲ್ಲಿ ಈ ಮಾತು ತೆಗೆದರೆ "ಶೇಂಗಾದಾಗ ಏನೈತಿ, ಎಣ್ಣಿ ಐತಿ" ಎಂಬ ಉತ್ತರ ಬರುತ್ತದೆ. ತಪ್ಪಲ್ಲ. ತುಂಗಭದ್ರೆಯ ಎಡದಂಡೆ ನಾಲೆ ಬಂದ ಮೇಲೆ ಸಿಂಧನೂರು ಸೀಮೆ ಭತ್ತದ ಕಡೆ ಹೊರಳಿತು. ಆದರೂ ಮನೆಯಲ್ಲಿ ಶೇಂಗಾ ಹಿಂಡಿ ತಪ್ಪಿಲ್ಲ, ರೊಟ್ಟಿಯ ಪಕ್ಕದಲ್ಲಿ ಅದು ಇರಲೇಬೇಕು. ಎಣ್ಣೆಯ ಜೊತೆ ಆ ಕಾಳಿನೊಳಗೆ ಲೆಕ್ಟಿನ್ ಎಂಬ ಪ್ರೋಟೀನು ಕೂಡ ಇದೆ. ಕೆಲವು ಸಕ್ಕರೆಗಳನ್ನು ಗುರುತು ಹಿಡಿದು ಅಂಟಿಕೊಳ್ಳುವುದು ಅದರ ಗುಣ. 236 ಅಮೈನೊ ಆಮ್ಲಗಳ ಒಂದು ಸರಪಳಿ, ಅಂಥ ನಾಲ್ಕು ಸರಪಳಿಗಳು ಕೂಡಿದರೆ ಒಂದು ಲೆಕ್ಟಿನ್. ಆ ನಾಲ್ಕೂ ಹೇಗೆ ಕೂಡಿವೆ, ಯಾವ ಅಮೈನೊ ಆಮ್ಲ ಯಾವುದಕ್ಕೆ ತಾಗಿದೆ ಎಂದು ಕೇಳುವ ಪ್ರಶ್ನೆಗೆ ನಮ್ಮ ದಕ್ಷಿಣದಲ್ಲೇ ಬೆಳೆದ ಒಂದು ಚರಿತ್ರೆಯಿದೆ. ಕನ್ನಡದಲ್ಲಿ ಅದನ್ನು ಯಾರಾದರೂ ಹೇಳಬೇಕಲ್ಲ ಎಂದು ಈ ಬರಹ.

ತಾಗುವುದಕ್ಕೆ ಯಾಕಿಷ್ಟು ಮಹತ್ವ? ಇಪ್ಪತ್ತು ಬಗೆಯ ಮಣಿಗಳನ್ನು ಪೋಣಿಸಿದ ಉದ್ದನೆಯ ದಾರ ಎಂದುಕೊಳ್ಳಿ. ಪೋಣಿಸಿದ ಕ್ರಮ ಗೊತ್ತಾದ ಮಾತ್ರಕ್ಕೆ ಪ್ರೋಟೀನು ಗೊತ್ತಾದಂತಲ್ಲ. ದಾರ ಸುತ್ತಿಕೊಂಡು ಒಂದು ಉಂಡೆಯಾಗುತ್ತದೆ. ಆಗ ಹತ್ತನೆಯ ಮಣಿ ಹೋಗಿ ಇನ್ನೂರನೆಯ ಮಣಿಯ ಮಗ್ಗುಲಲ್ಲಿ ಕೂರಬಹುದು. ದಾರದ ಮೇಲೆ ದೂರದವರು, ಉಂಡೆಯೊಳಗೆ ನೆರೆಯವರು. ಅಂಥ ಒಂದು ದೂರದ ನಂಟು ಖಚಿತವಾದರೆ ಸಾಕು, ಉಂಡೆಯ ಎಷ್ಟೋ ಮಡಿಕೆಗಳು ತಾವಾಗಿ ತಿಳಿಯುತ್ತವೆ. ನಮ್ಮ ಪಕ್ಕದ ಮಸ್ಕಿಯ ಬಂಡೆಯನ್ನು ನೆನೆಸಿಕೊಳ್ಳಿ. ಬೇರೆ ಬೇರೆ ಕಡೆ ಸಿಕ್ಕ ಶಾಸನಗಳಲ್ಲಿ 'ದೇವಾನಾಂಪ್ರಿಯ' ಇದ್ದ, ಗ್ರಂಥಗಳಲ್ಲಿ ಅಶೋಕನಿದ್ದ. ಇಬ್ಬರೂ ಒಬ್ಬನೇ ಎಂಬ ಊಹೆ ಮೊದಲಿನಿಂದ ಇತ್ತು. 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಕಂಡ ಮಸ್ಕಿ ಶಾಸನದಲ್ಲಿ ಆ ಎರಡು ಹೆಸರುಗಳು ಒಟ್ಟಿಗೆ ಸಿಕ್ಕಿದವು. ಹೆಸರುಗಳು ತಾಗಿದ್ದು ಒಂದು ಸಾಲಿನಲ್ಲಿ, ಆದರೆ ಬಿಡಿಬಿಡಿಯಾಗಿದ್ದ ಶಾಸನಗಳೆಲ್ಲ ಒಂದೇ ಚರಿತ್ರೆಯಾದವು.

ಪ್ರೋಟೀನುಗಳ ವಿಷಯದಲ್ಲಿ ಕತೆ ಶುರುವಾಗುವುದು ತಾಗಬಾರದ್ದರಿಂದ. 1952ರಲ್ಲಿ ಜಿ.ಎನ್. ರಾಮಚಂದ್ರನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಬಿಟ್ಟು ಮದ್ರಾಸು ವಿಶ್ವವಿದ್ಯಾಲಯದ ಭೌತವಿಜ್ಞಾನ ವಿಭಾಗಕ್ಕೆ ಹೋದರು. ಇನ್ನೂ ಮೂವತ್ತರ ಆಸುಪಾಸಿನ ವಯಸ್ಸು. ಅಲ್ಲಿಗೆ ಬಂದಿದ್ದ ಬ್ರಿಟನ್ನಿನ ವಿಜ್ಞಾನಿ ಬರ್ನಾಲ್, ಕೊಲಾಜೆನ್ ರಚನೆ ಇನ್ನೂ ಯಾರಿಗೂ ಸರಿಯಾಗಿ ಬಗೆಹರಿದಿಲ್ಲ ಎಂದರಂತೆ. ಕೊಲಾಜೆನ್ ಅಂದರೆ ನಮ್ಮ ಚರ್ಮ, ಸ್ನಾಯುರಜ್ಜು, ಮೂಳೆಗಳಲ್ಲಿ ಹರಡಿರುವ ಪ್ರೋಟೀನು. ಮದ್ರಾಸಿನ ಚರ್ಮ ಸಂಶೋಧನಾ ಸಂಸ್ಥೆಯಿಂದ ಕಾಂಗರೂ ಬಾಲದ ಸ್ನಾಯುರಜ್ಜು ತಂದು, ಅದರ ಮೂಲಕ ಎಕ್ಸ್-ರೇ ಹಾಯಿಸಿ, ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ 1954ರಲ್ಲಿ ಒಂದು ಮಾದರಿ ಕೊಟ್ಟರು: ಮೂರು ಸರಪಳಿಗಳು ಜೊತೆಗೂಡಿದ ಹುರಿ. ಮರುವರ್ಷ ಅದನ್ನು ತಿದ್ದಿ, ಮೂರೂ ಒಂದರ ಸುತ್ತ ಒಂದು ಹೊಸೆದುಕೊಂಡಿವೆ ಎಂದರು.

1955ರಲ್ಲೇ ಕೇಂಬ್ರಿಜ್‌ನಿಂದ ಅಲೆಕ್ಸಾಂಡರ್ ರಿಚ್ ಮತ್ತು ಫ್ರಾನ್ಸಿಸ್ ಕ್ರಿಕ್ ಆಕ್ಷೇಪ ಎತ್ತಿದರು. ಹುರಿ ಸರಿ, ಆದರೆ ಮದ್ರಾಸಿನ ಮಾದರಿಯಲ್ಲಿ ಕೆಲವು ಪರಮಾಣುಗಳು ಇರಬೇಕಾದ್ದಕ್ಕಿಂತ ಹತ್ತಿರ ಬಂದಿವೆ, ಅಷ್ಟು ಒತ್ತೊತ್ತಾಗಿ ಅವು ಇರಲಾರವು ಎಂಬುದು ಅವರ ವಾದ. ಡಿಎನ್‌ಎ ಮಾದರಿ ಕೊಟ್ಟು ಎರಡೇ ವರ್ಷವಾಗಿದ್ದ ಕ್ರಿಕ್‌ರ ಮಾತಿಗೆ ಎಷ್ಟು ತೂಕವಿತ್ತು ಎಂದು ಬೇರೆ ಹೇಳಬೇಕಿಲ್ಲ.

ಈ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದರ ನಂತರದ್ದು. ರಾಮಚಂದ್ರನ್ ಉತ್ತರ ಕೊಡುವ ಮೊದಲು ಒಂದು ಮೂಲಭೂತ ಪ್ರಶ್ನೆ ಕೇಳಿಕೊಂಡರು: 'ಅತಿ ಹತ್ತಿರ' ಅಂದರೆ ಎಷ್ಟು? ಯಾರು ನಿರ್ಧರಿಸಿದ್ದು? ಆಗ ಗೊತ್ತಿದ್ದ ಚಿಕ್ಕ ಅಣುಗಳ ಹರಳುಗಳ ಅಳತೆಗಳನ್ನೆಲ್ಲ ಕಲೆಹಾಕಿ, ಒಂದಕ್ಕೊಂದು ಬಂಧವಿಲ್ಲದ ಪರಮಾಣುಗಳು ನಿಜವಾಗಿ ಎಷ್ಟು ಹತ್ತಿರ ಬರುತ್ತವೆ ಎಂದು ಪಟ್ಟಿ ಮಾಡಿದರು. ಪ್ರತಿ ಜೋಡಿಗೂ ಎರಡು ಗಡಿ: ಸಾಮಾನ್ಯವಾಗಿ ಒಪ್ಪುವ ದೂರ ಒಂದು, ಮೀರಲೇಬಾರದ ದೂರ ಇನ್ನೊಂದು. ಇಂಗಾಲ-ಇಂಗಾಲಕ್ಕೆ 3.2 ಆಂಗ್‌ಸ್ಟ್ರಾಮ್, ತೀರಾ ಅಂದರೆ 3.0. (ಸೆಂಟಿಮೀಟರಿನ ಹತ್ತು ಕೋಟಿಯಲ್ಲಿ ಒಂದು ಭಾಗ ಒಂದು ಆಂಗ್‌ಸ್ಟ್ರಾಮ್.) ಆಮೇಲೆ ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಜೊತೆ ಕೂತು, ಸರಪಳಿಯ ಪ್ರತಿ ಕೊಂಡಿ ಯಾವ ಯಾವ ಕೋನಕ್ಕೆ ತಿರುಗಿದರೆ ಈ ಗಡಿ ಮೀರುತ್ತದೆ ಎಂದು ಲೆಕ್ಕ ಹಾಕಿದರು. ಮೀರಿದ ಕೋನಗಳನ್ನೆಲ್ಲ ಅಳಿಸಿದ ಮೇಲೆ ಚೌಕದಲ್ಲಿ ಉಳಿದದ್ದು ಕೆಲವೇ ದ್ವೀಪಗಳು. 1963ರಲ್ಲಿ ಪ್ರಕಟವಾದ ಆ ಚಿತ್ರವೇ ರಾಮಚಂದ್ರನ್ ನಕ್ಷೆ. ಪರಮಾಣುಗಳ ಮಟ್ಟದಲ್ಲಿ ರಚನೆ ತಿಳಿದಿದ್ದ ಪ್ರೋಟೀನು ಆಗ ಮಯೊಗ್ಲೋಬಿನ್ ಒಂದೇ ಎನ್ನಬಹುದು. ಆಮೇಲೆ ಬಂದ ಸಾವಿರಾರು ಪ್ರೋಟೀನುಗಳ ಬಹುಪಾಲು ಕೊಂಡಿಗಳು ಆ ದ್ವೀಪಗಳೊಳಗೇ ಬಿದ್ದವು.

ಬಿ.ಎಸ್ಸಿ. ಹುಡುಗರು ಇವತ್ತು ಆ ದ್ವೀಪಗಳನ್ನು ಪರೀಕ್ಷೆಗೆ ಬರೆದು ಬರುತ್ತಾರೆ. ಹಿಂದಿದ್ದ ಜಗಳವನ್ನು ಯಾರೂ ಅವರಿಗೆ ಹೇಳುವುದಿಲ್ಲ, ನಕ್ಷೆ ಆಕಾಶದಿಂದ ಉದುರಿದಂತೆ ಕಾಣುತ್ತದೆ. ಜಗಳದಲ್ಲಿ ಗೆದ್ದವರು ಯಾರು ಎಂದರೆ, ನನ್ನ ಮಟ್ಟಿಗೆ ಇಬ್ಬರಿಗೂ ಪಾಲಿದೆ. ಹುರಿಯ ಕಲ್ಪನೆ ಮದ್ರಾಸಿನದು, ಹೈಡ್ರೋಜನ್ ಬಂಧಗಳ ಲೆಕ್ಕದಲ್ಲಿ ಕೊನೆಗೆ ನಿಂತದ್ದು ರಿಚ್ ಮತ್ತು ಕ್ರಿಕ್ ಹೇಳಿದ್ದಕ್ಕೆ ಹತ್ತಿರದ್ದು. ಆದರೆ ಇಂಗಾಲಕ್ಕೆ ಅಂಟಿದ ಹೈಡ್ರೋಜನ್ನು ಆಮ್ಲಜನಕದ ಸಮೀಪ ಬಂದು ದುರ್ಬಲ ಬಂಧ ಕಟ್ಟಿಕೊಳ್ಳಬಹುದು, ಕೊಲಾಜೆನ್‌ನಲ್ಲೂ ಅದಿದೆ ಎಂದು ಮುಂದೆ ಗೊತ್ತಾಯಿತು. ಹತ್ತಿರ ಬಂದದ್ದೆಲ್ಲ ತಪ್ಪಲ್ಲ.

1970ರ ಹೊತ್ತಿಗೆ ರಾಮಚಂದ್ರನ್ ಮತ್ತೆ ಬೆಂಗಳೂರಿಗೆ ಬಂದು, ವಿಜ್ಞಾನ ಸಂಸ್ಥೆಯಲ್ಲಿ ಆಣವಿಕ ಜೈವಿಕ ಭೌತವಿಜ್ಞಾನದ ಘಟಕ ಕಟ್ಟಿದರು. 1971ರಲ್ಲಿ ಅದೇ ಸಂಸ್ಥೆಗೆ ಎಂ. ವಿಜಯನ್ ಬಂದರು, ಆಕ್ಸ್‌ಫರ್ಡ್‌ನಲ್ಲಿ ಡೊರೊಥಿ ಹಾಜ್‌ಕಿನ್ ಜೊತೆ ಇನ್ಸುಲಿನ್ ರಚನೆಯ ಮೇಲೆ ದುಡಿದವರು. ನಕ್ಷೆ ಹೇಳುತ್ತಿದ್ದುದು ಏನು ಆಗಲಾರದು ಎಂದು. ಏನಾಗಿದೆ ಎಂದು ನೋಡಲು ಪ್ರೋಟೀನಿನ ಹರಳೇ ಬೇಕು. ವಿಜಯನ್ ಮತ್ತು ಅವಧೇಶ ಸುರೋಲಿಯಾ ಆರಿಸಿಕೊಂಡವುಗಳಲ್ಲಿ ಶೇಂಗಾ ಲೆಕ್ಟಿನ್ ಒಂದು (ಹಲಸಿನ ಬೀಜದ್ದು ಇನ್ನೊಂದು). ವರ್ಷಗಟ್ಟಲೆ ದುಡಿದ ಮೇಲೆ, 1994ರಲ್ಲಿ ಶೇಂಗಾದ ರಚನೆ ಅಮೆರಿಕದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಒಂದೇ ತೆರನ ನಾಲ್ಕು ಸರಪಳಿಗಳು ಕೂಡಿದರೆ ಅಚ್ಚುಕಟ್ಟಾದ ಸಮಮಿತಿಯಲ್ಲಿ ಕೂಡುತ್ತವೆ, ನಾಲ್ವರಿಗೂ ಒಂದೇ ಬಗೆಯ ನೆರೆಹೊರೆ ಇರುತ್ತದೆ ಎಂದು ಎಲ್ಲರೂ ನಂಬಿದ್ದರು. ಶೇಂಗಾ ಆ ನಂಬಿಕೆಗೆ ಸೊಪ್ಪು ಹಾಕಲಿಲ್ಲ. ಅದರ ನಾಲ್ಕು ಭಾಗಗಳ ಜೋಡಣೆಯಲ್ಲಿ ಆ ಸಮಮಿತಿ ಇರಲಿಲ್ಲ. ಬಿಡಿ ಸರಪಳಿಯ ಮಡಿಕೆಯಾದರೋ ಬೇರೆ ದ್ವಿದಳ ಕಾಳುಗಳ ಲೆಕ್ಟಿನ್‌ಗಳ ಹಾಗೆಯೇ ಇದೆ! ಇಟ್ಟಿಗೆ ಅದೇ, ಕಟ್ಟಡ ಮಾತ್ರ ಬೇರೆ.

ಯಾಕೆ ಬೇರೆ? ಉತ್ತರ ತಾಗುವ ಜಾಗಗಳಲ್ಲಿ ಇರಬೇಕು. ಆದರೆ ಸಾವಿರಾರು ಪರಮಾಣುಗಳ ರಾಶಿಯಲ್ಲಿ ಕಣ್ಣಿನಿಂದ ಹುಡುಕುವುದು ಜಾತ್ರೆಯಲ್ಲಿ ಯಾರು ಯಾರ ಬೀಗರು ಎಂದು ಹುಡುಕಿದ ಹಾಗೆ. ಇದಕ್ಕೊಂದು ದಾರಿ ಮಾಡಿದವರಲ್ಲಿ ಮುಖ್ಯರು ಅದೇ ಘಟಕದ ಸರಸ್ವತಿ ವಿಶ್ವೇಶ್ವರ. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಜೀವರಸಾಯನ ಓದಿ, ನ್ಯೂಯಾರ್ಕಿನಲ್ಲಿ ಕ್ವಾಂಟಮ್ ರಸಾಯನದಲ್ಲಿ ಪಿಎಚ್.ಡಿ. ಮಾಡಿ, ಮುಂದೆ ನೊಬೆಲ್ ಪಡೆದ ಜಾನ್ ಪೋಪಲ್ ಜೊತೆ ಕೆಲಸ ಮಾಡಿ ಮರಳಿದವರು. ಕಪ್ಪುಕುಳಿಗಳ ಅಧ್ಯಯನದಲ್ಲಿ ಹೆಸರಾದ ಸಿ.ವಿ. ವಿಶ್ವೇಶ್ವರ ಅವರ ಪತಿ, ಕನ್ನಡದ ಲೇಖಕ ಸಿ.ಕೆ. ವೆಂಕಟರಾಮಯ್ಯ ಮಾವ. ಇಷ್ಟು ಹತ್ತಿರದವರನ್ನು ಕನ್ನಡ ಓದುಗರು ಇಷ್ಟು ಕಡಿಮೆ ಬಲ್ಲರಲ್ಲ ಎಂದು ನನಗೆ ಬೇಸರ.

ಅವರ ವಿಧಾನ ಹೇಳಲು ಸುಲಭ. ಪ್ರತಿ ಅಮೈನೊ ಆಮ್ಲವೂ ಒಂದು ಚುಕ್ಕಿ. ಎರಡು ಚುಕ್ಕಿಗಳ ಪರಮಾಣುಗಳಲ್ಲಿ 4.5 ಆಂಗ್‌ಸ್ಟ್ರಾಮ್ ಒಳಗೆ ಬರುವ ಜೋಡಿಗಳು ಎಷ್ಟು ಎಂದು ಎಣಿಸು. ದೊಡ್ಡ ಅಮೈನೊ ಆಮ್ಲಕ್ಕೆ ಸಹಜವಾಗಿಯೇ ಹೆಚ್ಚು ನೆಂಟರು, ಹಾಗಾಗಿ ಗಾತ್ರಕ್ಕೆ ತಕ್ಕಂತೆ ಭಾಗಿಸಿ ಶೇಕಡಾವಾರು ಬಲ ತೆಗೆ. ಒಂದು ಮಿತಿಗಿಂತ ಬಲ ಹೆಚ್ಚಿದ್ದರೆ ಚುಕ್ಕಿಗಳ ನಡುವೆ ಗೆರೆ ಎಳೆ. ಮಿತಿಯನ್ನು ಮೆಲ್ಲಗೆ ಏರಿಸುತ್ತ ಹೋದರೆ ದುರ್ಬಲ ಗೆರೆಗಳು ಕಳಚಿ, ಇಡೀ ಪ್ರೋಟೀನಿಗೆ ಹಬ್ಬಿದ್ದ ಬಲೆ ಒಂದು ಹಂತದಲ್ಲಿ ಸಣ್ಣ ಗುಂಪುಗಳಾಗಿ ಒಡೆಯುತ್ತದೆ. ಯಾರು ಕೊನೆಯವರೆಗೂ ಕೂಡಿರುತ್ತಾರೋ ಅವರೇ ರಚನೆಯ ಆಧಾರ. ಗುಂಪುಗಳನ್ನು ಹೆಕ್ಕುವ ಗಣಿತವನ್ನು ಸರಸ್ವತಿಯವರು ಎನ್. ಕಣ್ಣನ್ ಜೊತೆ 1999ರಲ್ಲಿ ಪ್ರಕಟಿಸಿದರು. ಅದರ ಬೇರು ವಿದ್ಯುತ್ ಜಾಲಗಳ ಮೇಲೆ ಕಿರ್ಚಾಫ್ ಹತ್ತೊಂಬತ್ತನೆಯ ಶತಮಾನದಲ್ಲಿ ಮಾಡಿದ ಲೆಕ್ಕದಲ್ಲಿದೆ. ತಂತಿಗಳಿಗೆ ಹುಟ್ಟಿದ ಗಣಿತ, ಪ್ರೋಟೀನಿಗೆ ಬಂತು.

ಆ ಗಣಿತವನ್ನು ಲೆಕ್ಟಿನ್‌ಗಳ ಮೇಲೆ ಪ್ರಯೋಗಿಸಿದ ಕೆಲಸ 2005ರದು: ಕೆ.ವಿ. ಬೃಂದಾ, ಸುರೋಲಿಯಾ ಮತ್ತು ಸರಸ್ವತಿ. ಸರಪಳಿ ಸರಪಳಿಗೆ ತಾಗುವ ಗಡಿಯಲ್ಲಿ ಗಟ್ಟಿಯಾಗಿ ಕೂಡಿದ ಗುಂಪುಗಳನ್ನು ಬಲೆಯಿಂದ ಹೆಕ್ಕಿ, ಅವು ಮಣಿಗಳ ಸಾಲಿನಲ್ಲಿ ಎಲ್ಲಿ ಬರುತ್ತವೆ ಎಂದು ಹೋಲಿಸಿ ನೋಡಿದರು. ಜೋಡಣೆಯ ಒಂದೊಂದು ಬಗೆಗೂ ಸಾಲಿನಲ್ಲೇ ಒಂದೊಂದು ಗುರುತು ಸಿಕ್ಕಿತು. ಅಂದರೆ ಯಾವ ಇಟ್ಟಿಗೆ ಯಾವ ಕಟ್ಟಡಕ್ಕೆ ಹೋಗುತ್ತದೆ ಎಂಬ ಸುಳಿವು ಇಟ್ಟಿಗೆಯ ಮೇಲೇ ಬರೆದಿತ್ತು. ಗಡಿಯಲ್ಲಿ ಅತಿ ಹೆಚ್ಚು ನಂಟುಳ್ಳ ಅಮೈನೊ ಆಮ್ಲಗಳೂ ಗುರುತಾದವು. ಕಟ್ಟಡವನ್ನು ಬಿಚ್ಚಬೇಕೆಂದರೆ ಕೈ ಹಾಕಬೇಕಾದದ್ದು ಅಲ್ಲೇ.

ಶೇಂಗಾ ಲೆಕ್ಟಿನ್ ಗುರುತು ಹಿಡಿಯುವ ಸಕ್ಕರೆಗಳಲ್ಲಿ ಒಂದು ಅನೇಕ ಕ್ಯಾನ್ಸರ್ ಕೋಶಗಳ ಮೇಲ್ಮೈಯಲ್ಲಿ ತೆರೆದುಕೊಂಡಿರುತ್ತದೆ. ಹಾಗಾಗಿ ನಮ್ಮ ಹಿಂಡಿಯ ಕಾಳಿನ ಈ ಪ್ರೋಟೀನನ್ನು ಶುದ್ಧ ಮಾಡಿ, ಸೀಸೆಯಲ್ಲಿ ತುಂಬಿ, ಜಗತ್ತಿನಾದ್ಯಂತ ಪ್ರಯೋಗಾಲಯಗಳಿಗೆ ಮಾರುತ್ತಾರೆ. ಬೆಲೆಯನ್ನು ಮಿಲಿಗ್ರಾಮಿನ ಲೆಕ್ಕದಲ್ಲಿ ಹೇಳುತ್ತಾರೆ.