ಮಸಲ್ ಕಾರನ್ನು ಕೊಂದವರು ಯಾರು?

ಎಂಟು ಲಕ್ಷ ರೂಪಾಯಿ ಇದ್ದರೆ ಬೆಂಗಳೂರಲ್ಲಿ ಎರಡು ಥರದ ಕಾರು ತಗೋಬಹುದು. ಒಂದು, ಶೋರೂಮಿನಿಂದ ಹೊಸದಾಗಿ ಬರುವ 1.2 ಲೀಟರ್ ಎಂಜಿನ್ನಿನ ಪುಟ್ಟ ಹ್ಯಾಚ್‌ಬ್ಯಾಕ್. ಇನ್ನೊಂದು, ಹತ್ತು ವರ್ಷ ಹಳೆಯ, ಟರ್ಬೊ ಎಂಜಿನ್ನಿನ ಯುರೋಪಿಯನ್ ಸೆಡಾನ್. ಅದರ ಶಕ್ತಿ ಮೊದಲನೆಯದರ ದುಪ್ಪಟ್ಟು. ಹೊಸದಿದ್ದಾಗ ಅದರ ಬೆಲೆ ಇಪ್ಪತ್ತು ಲಕ್ಷದ ಆಸುಪಾಸು. ನನ್ನ ವಯಸ್ಸಿನ, ನನ್ನಂಥದೇ ಕೆಲಸ ಮಾಡುವ ಎಷ್ಟೋ ಜನ ರಾತ್ರಿ ಊಟ ಆದ ಮೇಲೆ ಫೋನಿನಲ್ಲಿ ಈ ಎರಡನೇ ಥರದ ಕಾರುಗಳ ಫೋಟೊ ನೋಡ್ತಾ ಕೂರ್ತಾರೆ. ನಾನೂ ಕೂರ್ತೀನಿ. ಹಾಗೆ ಕೂತಾಗಲೆಲ್ಲ ಒಂದು ಪ್ರಶ್ನೆ ಬರುತ್ತೆ: ಇಷ್ಟು ಒಳ್ಳೆ ಗಾಡಿ ಇಷ್ಟು ಅಗ್ಗಕ್ಕೆ ಯಾಕೆ ಸಿಗ್ತಿದೆ?

ಕೇಳಿದವರೆಲ್ಲ ಕೊಡುವ ಉತ್ತರ ಒಂದೇ: "ಪೆಟ್ರೋಲ್ ಕುಡಿಯುತ್ತೆ ಗುರು." ಈ ಉತ್ತರ ಎಷ್ಟು ಸರಿ ಅಂತ ನೋಡೋಕೆ ಐವತ್ತು ವರ್ಷ ಹಿಂದಕ್ಕೆ, ಅಮೆರಿಕಕ್ಕೆ ಹೋಗಬೇಕು. ಯಾಕಂದರೆ ವೇಗದ ಕಾರಿನ ಖರ್ಚಿನ ಲೆಕ್ಕವನ್ನು ಒಂದು ಇಡೀ ಪೀಳಿಗೆ ಒಟ್ಟಿಗೆ ಹಾಕಿದ್ದು ಅಲ್ಲಿ. ಆಗಲೂ ಎಲ್ಲರೂ ಕೊನೆಗೆ ಬೆರಳು ತೋರಿಸಿದ್ದು ಪೆಟ್ರೋಲ್ ಕಡೆಗೇ.

1963ರಲ್ಲಿ ಜನರಲ್ ಮೋಟರ್ಸ್ ಕಂಪನಿ ತನ್ನ ಬ್ರ್ಯಾಂಡುಗಳೆಲ್ಲ ರೇಸಿಂಗ್‌ನಿಂದ ದೂರ ಇರಬೇಕು ಅಂತ ಆದೇಶ ಹೊರಡಿಸಿತು. ಮಧ್ಯಮ ಗಾತ್ರದ ಕಾರಿಗೆ 330 ಕ್ಯೂಬಿಕ್ ಇಂಚು, ಅಂದರೆ ಸುಮಾರು 5.4 ಲೀಟರ್‌ಗಿಂತ ದೊಡ್ಡ ಎಂಜಿನ್ ಕೂರಿಸಬಾರದು ಅನ್ನುವ ನಿಯಮವೂ ಅಲ್ಲಿತ್ತು. ಆ ಕಂಪನಿಯ ಒಂದು ಬ್ರ್ಯಾಂಡ್ ಪಾಂಟಿಯಾಕ್. ಅಲ್ಲಿ ಜಾನ್ ಡಿಲೋರಿಯನ್ ಮತ್ತು ಅವನ ಜೊತೆಗಿದ್ದ ಎಂಜಿನಿಯರುಗಳು ನಿಯಮವನ್ನು ನಾವು ಸ್ಪೆಸಿಫಿಕೇಶನ್ ಓದೋ ಹಾಗೆ ಓದಿದರು. ನಿಯಮ ಇರೋದು ಮಾಡೆಲ್‌ಗೆ, ಆಪ್ಷನ್‌ಗೆ ಅಲ್ಲ! ದೊಡ್ಡ ಕಾರಿನ 6.4 ಲೀಟರ್ ಎಂಜಿನ್ ತಂದು ಮಧ್ಯಮ ಗಾತ್ರದ ಟೆಂಪೆಸ್ಟ್ ಕಾರಿಗೆ ಕೂರಿಸಿದರು. ಸುಮಾರು 296 ಡಾಲರ್‌ಗೆ ಸಿಗುವ 'ಆಪ್ಷನ್ ಪ್ಯಾಕೇಜ್' ಅಂತ ಅದನ್ನು ಮಾರಾಟಕ್ಕಿಟ್ಟರು. ಹೆಸರು ಜಿಟಿಓ. ಆ ಹೆಸರನ್ನೂ ಫೆರಾರಿಯಿಂದ ಎತ್ತಿಕೊಂಡಿದ್ದರು.

ಒಂದೈದು ಸಾವಿರ ಹೋದರೆ ಸಾಕು ಅಂದುಕೊಂಡಿದ್ದರು. 1964ರ ಮಾಡೆಲ್ ವರ್ಷದಲ್ಲಿ ಹೋಗಿದ್ದು 32,450. ಎರಡನೇ ಮಹಾಯುದ್ಧ ಮುಗಿದ ಮೇಲೆ ಹುಟ್ಟಿದ ಮಕ್ಕಳು ಆಗ ತಾನೇ ಹದಿನೆಂಟು ದಾಟುತ್ತಿದ್ದರು. ಕೈಯಲ್ಲಿ ಕೆಲಸ ಇತ್ತು, ಕಂತಿನ ಸಾಲ ಸಿಗುತ್ತಿತ್ತು, ರಸ್ತೆ ಖಾಲಿ ಇತ್ತು. 1966ರಲ್ಲಿ ಜಿಟಿಓ ಮಾರಾಟ 96,946ಕ್ಕೆ ಏರಿತು. ಬೇರೆ ಕಂಪನಿಗಳು ಸುಮ್ಮನಿರುತ್ತಾವಾ? 1968ರಲ್ಲಿ ಪ್ಲಿಮತ್ ಕಂಪನಿ ಕಾರ್ಟೂನ್ ಹಕ್ಕಿಯ ಹೆಸರನ್ನು 50,000 ಡಾಲರ್ ಕೊಟ್ಟು ಪಡೆದು 'ರೋಡ್ ರನ್ನರ್' ತಂದಿತು. ಒಳಗೆ ಐಷಾರಾಮ ಏನೂ ಇಲ್ಲ, ದೊಡ್ಡ ಎಂಜಿನ್ ಮಾತ್ರ. ಬೆಲೆ 2,896 ಡಾಲರ್‌ನಿಂದ ಶುರು. ಮೊದಲ ವರ್ಷವೇ ನಲವತ್ತು ಸಾವಿರಕ್ಕೂ ಹೆಚ್ಚು ಹೋದವು. ಚಿಕ್ಕ ದೇಹಕ್ಕೆ ದೊಡ್ಡ ಎಂಜಿನ್, ಹುಡುಗರ ಜೇಬಿಗೆ ಎಟುಕುವ ಬೆಲೆ: ಇಂಥ ಕಾರುಗಳಿಗೇ ಮಸಲ್ ಕಾರ್ ಅಂತ ಹೆಸರು ಬಂತು.

ಈಗ ಎಲ್ಲರಿಗೂ ಗೊತ್ತಿರುವ ಕಥೆಗೆ ಬರೋಣ. 1973ರ ಅಕ್ಟೋಬರ್‌ನಲ್ಲಿ ಅರಬ್ ದೇಶಗಳು ಅಮೆರಿಕಕ್ಕೆ ತೈಲ ನಿಲ್ಲಿಸಿದವು. ಬಂಕುಗಳ ಮುಂದೆ ಮೈಲುಗಟ್ಟಲೆ ಸಾಲು ನಿಂತಿತು. ನಂಬರ್ ಪ್ಲೇಟಿನ ಕೊನೆಯ ಅಂಕಿ ಸಮ ಇದ್ದವರಿಗೆ ಒಂದು ದಿನ, ಬೆಸ ಇದ್ದವರಿಗೆ ಮರುದಿನ ಅಂತ ಕೆಲವು ರಾಜ್ಯಗಳು ಪೆಟ್ರೋಲ್ ಹಂಚಿದವು. 1974ರ ಜನವರಿಯಲ್ಲಿ ಗಂಟೆಗೆ 55 ಮೈಲಿ ವೇಗಮಿತಿಗೆ ಅಧ್ಯಕ್ಷ ನಿಕ್ಸನ್ ಸಹಿ ಹಾಕಿದರು. ಮಸಲ್ ಕಾರು ಸತ್ತಿತು. ಕೊಲೆಗಾರ ಪೆಟ್ರೋಲ್. ಕೇಸ್ ಮುಗೀತು.

ಆದರೆ ಲಾಗ್ ತೆಗೆದು ನೋಡಿದರೆ ಟೈಮ್‌ಸ್ಟ್ಯಾಂಪ್ ಹೊಂದೋದೇ ಇಲ್ಲ. ಜಿಟಿಓ ಮಾರಾಟ 1969ರಲ್ಲಿ 72,287. 1970ರಲ್ಲಿ 40,149. 1971ರಲ್ಲಿ 10,532. 1972ರಲ್ಲಿ 5,807. ಅಂದರೆ ಅರಬ್ ದೇಶಗಳು ನಲ್ಲಿ ತಿರುಗಿಸುವ ಹೊತ್ತಿಗೆ ಆಸಾಮಿ ಆಗಲೇ ಮಲಗಿಬಿಟ್ಟಿದ್ದ. ಇನ್ನೂ ತಮಾಷೆ ಅಂದರೆ, ತೈಲ ಬಿಕ್ಕಟ್ಟಿನ 1974ರ ಮಾಡೆಲ್ ವರ್ಷದಲ್ಲಿ, ಚಿಕ್ಕ ದೇಹ, ಚಿಕ್ಕ ಎಂಜಿನ್ನಿನೊಂದಿಗೆ ಬಂದ ಜಿಟಿಓ ಮಾರಾಟ 7,058ಕ್ಕೆ ಸ್ವಲ್ಪ ಏರಿತ್ತು.

ಪೆಟ್ರೋಲ್ ಲೆಕ್ಕವನ್ನೇ ಹಾಕಿ ನೋಡಿ. ಅಮೆರಿಕದಲ್ಲಿ ಗ್ಯಾಲನ್‌ಗೆ ಸರಾಸರಿ 39 ಸೆಂಟ್ ಇದ್ದ ಬೆಲೆ 1974ರಲ್ಲಿ 53 ಸೆಂಟ್‌ಗೆ ಹೋಯಿತು. ಗ್ಯಾಲನ್‌ಗೆ ಹತ್ತೇ ಮೈಲಿ ಕೊಡುವ ಕಾರನ್ನು ವರ್ಷಕ್ಕೆ ಹತ್ತು ಸಾವಿರ ಮೈಲಿ ಓಡಿಸಿದರೆ ಸಾವಿರ ಗ್ಯಾಲನ್ ಬೇಕು. 390 ಡಾಲರ್ ಇದ್ದ ಖರ್ಚು 530 ಆಯಿತು. ವರ್ಷಕ್ಕೆ 140 ಡಾಲರ್ ಹೆಚ್ಚು. ಬೇಜಾರಿನ ಮೊತ್ತ ಹೌದು, ಮೂರು ಸಾವಿರ ಡಾಲರ್ ಕೊಟ್ಟು ಕಾರು ತಂದವನು ಹೆದರಿ ಓಡಿಹೋಗುವ ಮೊತ್ತ ಅಲ್ಲ.

ಹಾಗಾದರೆ 1970ರ ಸುತ್ತ ಏನಾಯಿತು? ಮುಖ್ಯವಾಗಿ, ವಿಮಾ ಕಂಪನಿಗಳ ಗುಮಾಸ್ತರು ಲೆಕ್ಕ ಮುಗಿಸಿದ್ದರು.

ಹೊಸ ಬಗೆಯ ಕಾರು ಬಂದಾಗ ಅದರ ಅಪಾಯ ಎಷ್ಟು ಅಂತ ವಿಮೆಯವರಿಗೆ ಮೊದಲೇ ಗೊತ್ತಿರೋದಿಲ್ಲ. ಅಪಘಾತಗಳಾಗಬೇಕು, ಕ್ಲೇಮ್ ಬರಬೇಕು, ಡೇಟಾ ಕೂಡಬೇಕು. ಅದಕ್ಕೆ ನಾಲ್ಕೈದು ವರ್ಷ ಹಿಡಿಯುತ್ತೆ. ಅರವತ್ತರ ದಶಕದ ಕೊನೆಗೆ ಚಿತ್ರ ಸ್ಪಷ್ಟವಾಯಿತು: ಇಪ್ಪತ್ತೈದರ ಒಳಗಿನ ಹುಡುಗ, ಹಗುರ ಕಾರು, ದೊಡ್ಡ ಎಂಜಿನ್. ಕಾರಿನ ತೂಕಕ್ಕೆ ಎಷ್ಟು ಅಶ್ವಶಕ್ತಿ ಅನ್ನೋ ಅನುಪಾತ ನೋಡಿ ಪ್ರೀಮಿಯಂ ಮೇಲೆ ಹೆಚ್ಚುವರಿ ಹಾಕತೊಡಗಿದರು. ಮದುವೆಯಾಗದ ಹುಡುಗರಿಗೆ ವಿಮೆಯ ಖರ್ಚು ಕಾರಿನ ಸಾಲದ ಕಂತಿಗೇ ಪೈಪೋಟಿ ಕೊಡುವಷ್ಟಾಯಿತು. ಶೋರೂಮಿನಲ್ಲಿ ಕಾರು ಒಪ್ಪಿಗೆ, ಬ್ಯಾಂಕಿನಲ್ಲಿ ಸಾಲ ಒಪ್ಪಿಗೆ, ವಿಮೆ ಏಜೆಂಟನ ಮೇಜಿನ ಮುಂದೆ ಆಸೆ ಮಣ್ಣು.

ತಯಾರಕರು ಬಗ್ಗಲಿಲ್ಲ ಅಂತಲ್ಲ. ಎಂಜಿನ್ನಿನ ನಿಜವಾದ ಶಕ್ತಿಗಿಂತ ಕಡಿಮೆ ಅಂಕಿ ಕಾಗದದಲ್ಲಿ ತೋರಿಸುವ ಅಭ್ಯಾಸ ಮೊದಲೇ ಇತ್ತು. ಷೆವರ್ಲೆ ಕಮಾರೊ ಜಡ್28ಕ್ಕೆ 290 ಅಶ್ವಶಕ್ತಿ ಅಂತ ಬರೆದಿದ್ದನ್ನು ಕಾರು ಗೊತ್ತಿದ್ದ ಯಾರೂ ನಂಬುತ್ತಿರಲಿಲ್ಲ. ಆಮೇಲೆ 'ಹೆವಿ ಷೆವಿ' ಥರದ ಕಾರುಗಳು ಬಂದವು: ಮೇಲೆ ಪಟ್ಟೆ, ಸ್ಟಿಕ್ಕರ್ ಎಲ್ಲ ಮಸಲ್ ಕಾರಿನದು, ಒಳಗೆ ಬೇಕಾದರೆ ಸಾಧಾರಣ ಎಂಜಿನ್. ನೋಟ ಬೇಕು, ಪ್ರೀಮಿಯಂ ಬೇಡ ಅನ್ನುವವರಿಗೆ!

ಕೊಲೆಗೆ ವಿಮೆ ಒಂದೇ ಕಾರಣ ಅಂತ ನಾನು ಹೇಳ್ತಿಲ್ಲ. ಕಂಪನಿಗಳ ನಡುವೆ ಪೈಪೋಟಿ ಇತ್ತು. 1970ರಲ್ಲಿ ವಾಯುಮಾಲಿನ್ಯ ತಡೆಯ ಕಾಯ್ದೆ ಬಿಗಿಯಾಯಿತು. 1971ರಿಂದ ಜನರಲ್ ಮೋಟರ್ಸ್ ಕಡಿಮೆ ಸೀಸದ ಪೆಟ್ರೋಲಿಗೆ ಒಗ್ಗಲಿ ಅಂತ ಎಂಜಿನ್ನುಗಳ ಕಂಪ್ರೆಷನ್ ಇಳಿಸಿತು, ಶಕ್ತಿಯೂ ಇಳಿಯಿತು. 1972ರಲ್ಲಿ ಶಕ್ತಿ ಅಳೆಯುವ ವಿಧಾನವೇ ಬದಲಾಯಿತು. ಮೊದಲು ಆಲ್ಟರ್ನೇಟರ್, ಸೈಲೆನ್ಸರ್‌ನಂಥ ಭಾರವನ್ನೆಲ್ಲ ಬಿಚ್ಚಿಟ್ಟು ಬರೀ ಎಂಜಿನ್ ಅಳೆಯುತ್ತಿದ್ದರು. ಈಗ ಕಾರಿನಲ್ಲಿ ಇರುವ ಹಾಗೇ ಅಳೆಯಬೇಕಾಯಿತು. ಅದೇ ಎಂಜಿನ್, ಅಂಕಿ ಮಾತ್ರ ಕುಸಿದುಹೋಯಿತು.

ಈ ಬದಲಾವಣೆಗಳ ಪೆಟ್ಟು ಹಳೆ ಕಾರು ಇಟ್ಟುಕೊಂಡವನಿಗೂ ಬಿತ್ತು. 1960ರ ದಶಕದ ಹೆಚ್ಚು ಕಂಪ್ರೆಷನ್ನಿನ ಎಂಜಿನ್ನಿಗೆ ಸೀಸ ಬೆರೆಸಿದ ಪ್ರೀಮಿಯಂ ಪೆಟ್ರೋಲೇ ಆಗಬೇಕು. 1975ರ ಮಾಡೆಲ್‌ಗಳಿಗೆ ಕೆಟಲಿಟಿಕ್ ಕನ್ವರ್ಟರ್ ಬಂದ ಮೇಲೆ ಸೀಸದ ಪೆಟ್ರೋಲ್ ಮೆಲ್ಲಗೆ ಮರೆಯಾಯಿತು. ಸೀಸ ಇಲ್ಲದಿದ್ದರೆ ಆ ಎಂಜಿನ್ನುಗಳ ವಾಲ್ವ್ ಕೂರುವ ಜಾಗ ಸವೆಯುತ್ತೆ. ಕಾರು ಕೊಂಡಾಗ ಇದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ, ಹಿಡಿಯೋಕೂ ಆಗ್ತಿರಲಿಲ್ಲ. ಎಪ್ಪತ್ತರ ದಶಕದ ನಡುವಿಗೆ ಒಂದು ಕಾಲದ ರಾಜನಂಥ ಕಾರುಗಳು ಸೆಕೆಂಡ್ ಹ್ಯಾಂಡ್ ಅಂಗಳದಲ್ಲಿ ಕೇಳುವವರಿಲ್ಲದೆ ನಿಂತವು. ಅಗ್ಗ ಆಗಿದ್ದು ಕಾರು ಕೆಟ್ಟದ್ದಾಗಿದ್ದಕ್ಕಲ್ಲ. ಅದರ ಹಿಂದೆ ಬರುವ ಬಿಲ್ಲು ಎಲ್ಲರಿಗೂ ಕಾಣಿಸತೊಡಗಿದ್ದಕ್ಕೆ.

ನಮ್ಮ ಹಾವೇರಿ ಕಡೆ ಇದು ಹೊಸ ಮಾತೇನಲ್ಲ. ಹಬ್ಬಕ್ಕೆ ಓಡಿಸುವ ಹೋರಿ ನೋಡಿದ್ದೀರಾ? ಅದಕ್ಕೆ ಹುರುಳಿ, ಹಿಂಡಿ, ಬೆಲ್ಲ, ಕೊಬ್ಬರಿ, ಮೊಟ್ಟೆ ಎಲ್ಲ ಆಗಬೇಕು. ನಮ್ಮಜ್ಜ ಹೇಳ್ತಿದ್ದ: "ಹೋರಿ ತರೋದು ದೊಡ್ಡದಲ್ಲಪಾ, ಕಟ್ಟಿ ಸಾಕೋದು ದೊಡ್ಡದು." ಡೆಟ್ರಾಯಿಟ್‌ನವರು ಇದನ್ನು ಕಲಿಯೋಕೆ ಹತ್ತು ವರ್ಷ ತಗೊಂಡರು.

ಇಲ್ಲಿ ಒಬ್ಬರು ಎದ್ದು ನಿಂತು ಹೇಳ್ತಾರೆ: "ಆದರೆ ಅವೇ ಕಾರುಗಳು ಇವತ್ತು ಕೋಟಿಗಟ್ಟಲೆ ಬಾಳ್ತಾವಲ್ಲ?" ನಿಜ. ಪ್ಲಿಮತ್‌ನ 1971ರ ಹೆಮಿ ಕುಡಾ ಕನ್ವರ್ಟಿಬಲ್ ಒಂದು 2014ರಲ್ಲಿ ಸಿಯಾಟಲ್‌ನ ಹರಾಜಿನಲ್ಲಿ 35 ಲಕ್ಷ ಡಾಲರ್‌ಗೆ ಹೋಯಿತು. ಅಂಥ ಕಾರು ಆ ವರ್ಷ ಒಟ್ಟು ತಯಾರಾಗಿದ್ದೇ 11. ಅಷ್ಟು ಕಡಿಮೆ ಯಾಕೆ? ಆ ಎಂಜಿನ್ ದುಬಾರಿ, ಅದರ ವಿಮೆ ಇನ್ನೂ ದುಬಾರಿ, ಹಾಗಾಗಿ ಕೊಳ್ಳುವವರೇ ಇರಲಿಲ್ಲ. ಬಿಲ್ಲಿಗೆ ಹೆದರಿದವರ ಸಂಖ್ಯೆಯೇ ಮುಂದೆ ಅಪರೂಪದ ಬೆಲೆಯಾಯಿತು. ಆದರೆ ನಲವತ್ತು ವರ್ಷ ಶೆಡ್ಡು, ವಿಮೆ, ರಿಪೇರಿ ಕಟ್ಟಿಕೊಂಡು ಕಾದವರಿಗೆ ಮಾತ್ರ. ಗುಜರಿಗೆ ಹೋದ ಸಾವಿರಾರು ರೋಡ್ ರನ್ನರ್‌ಗಳು ಹರಾಜಿನ ಸುದ್ದಿಯಲ್ಲಿ ಬರೋದಿಲ್ಲ. ಹಳೆ ವೇಗದ ಕಾರನ್ನು 'ಇನ್ವೆಸ್ಟ್‌ಮೆಂಟ್' ಅಂತ ಮನೆಯಲ್ಲಿ ಒಪ್ಪಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ.

ಈಗ ನಮ್ಮ ಎಂಟು ಲಕ್ಷದ ಸೆಡಾನ್‌ಗೆ ಬರೋಣ. ವರ್ಷಕ್ಕೆ ಹತ್ತು ಸಾವಿರ ಕಿಲೋಮೀಟರ್, ಪೆಟ್ರೋಲ್ ಲೀಟರ್‌ಗೆ ನೂರು ರೂಪಾಯಿ ಅಂತಿಟ್ಟುಕೊಳ್ಳಿ. ಟ್ರಾಫಿಕ್ಕಿನಲ್ಲಿ ಅದು ಲೀಟರ್‌ಗೆ 9 ಕಿಲೋಮೀಟರ್ ಕೊಟ್ಟರೆ ವರ್ಷಕ್ಕೆ ಸುಮಾರು 1,11,000 ರೂಪಾಯಿ. 16 ಕೊಡುವ ಪುಟ್ಟ ಕಾರಿಗೆ 62,500. ವ್ಯತ್ಯಾಸ ತಿಂಗಳಿಗೆ ನಾಲ್ಕು ಸಾವಿರ. ಇಲ್ಲೂ ಪೆಟ್ರೋಲ್ ಕೊಲೆಗಾರ ಅಲ್ಲ.

ವಿಮೆ? ನಮ್ಮಲ್ಲಿ ಥರ್ಡ್ ಪಾರ್ಟಿ ಪ್ರೀಮಿಯಂ ಎಂಜಿನ್ ಗಾತ್ರದ ಮೇಲೆ ನಿಂತಿದೆ. 2022ರ ದರದಲ್ಲಿ 1,000ದಿಂದ 1,500 ಸಿಸಿವರೆಗೆ 3,416 ರೂಪಾಯಿ, 1,500 ಸಿಸಿ ದಾಟಿದರೆ 7,897. ಓಡಿಸುವವನು ಇಪ್ಪತ್ತೆರಡರ ಹುಡುಗನಾ, ಐವತ್ತರ ಮೇಷ್ಟ್ರಾ ಅಂತ ಈ ದರ ಕೇಳೋದಿಲ್ಲ. ಅಮೆರಿಕದ ಹುಡುಗರನ್ನು ಮುಗಿಸಿದ ಆಯುಧ ಇಲ್ಲಿ ಇನ್ನೂ ಒರೆಯಲ್ಲೇ ಇದೆ.

ಹಾಗಂತ ವಿಮೆಯ ಕಾಗದ ಓದದೇ ಬಿಡಬೇಡಿ, ನಮ್ಮ ಬಿಲ್ಲು ಅಡಗಿರೋದು ಅದರಲ್ಲೇ. ಸಾಮಾನ್ಯ ಪಾಲಿಸಿಯಲ್ಲಿ ಕ್ಲೇಮ್ ಮಾಡಿದಾಗ ಪ್ಲಾಸ್ಟಿಕ್, ರಬ್ಬರ್ ಭಾಗಗಳ ಅರ್ಧ ಬೆಲೆ ಕಡಿತ ಮಾಡ್ತಾರೆ. ಲೋಹದ ಭಾಗಗಳಿಗೆ ಐದರಿಂದ ಹತ್ತು ವರ್ಷದ ಕಾರಾದರೆ ಶೇ. 40, ಹತ್ತು ದಾಟಿದರೆ ಶೇ. 50 ಕಡಿತ. ಈ ಕಡಿತ ತಪ್ಪಿಸುವ 'ಝೀರೊ ಡೆಪ್' ಹಳೆ ಕಾರಿಗೆ ಸುಲಭಕ್ಕೆ ಸಿಗೋದಿಲ್ಲ. ಕಾರಿನ ಬೆಲೆ ಇಪ್ಪತ್ತು ಲಕ್ಷದಿಂದ ಎಂಟಕ್ಕೆ ಇಳಿದಿದೆ. ಆದರೆ ಅದರ ಹೆಡ್‌ಲೈಟ್, ಟರ್ಬೊ, ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಇನ್ನೂ ಇಪ್ಪತ್ತು ಲಕ್ಷದ ಕಾರಿನ ಬೆಲೆಯಲ್ಲೇ ಇವೆ. ಕಾರು ಎಂಟು ಲಕ್ಷದ್ದು, ಅದರ ಹೊಟ್ಟೆ ಇಪ್ಪತ್ತು ಲಕ್ಷದ್ದು. ಹಿಂದಿನ ಮಾಲೀಕ ಬಿಟ್ಟುಕೊಟ್ಟ ಹನ್ನೆರಡು ಲಕ್ಷದಲ್ಲಿ ಮುಂದೆ ಬರುವ ಬಿಲ್ಲಿನ ಭಯವೂ ಸೇರಿದೆ.

ಹಾಗಾದರೆ ತಗೋಬಾರದಾ? ತಗೋಬಹುದು, ಲೆಕ್ಕ ಗೊತ್ತಿದ್ದು ತಗೋಬೇಕು. ನನ್ನ ಮಟ್ಟಿಗೆ ನಾನೊಂದು ಕ್ರಮ ಮಾಡಿಕೊಂಡಿದ್ದೀನಿ. ಟೆಸ್ಟ್ ಡ್ರೈವ್ ಕೊನೆಗೆ. ಮೊದಲು ಆ ಕಾರಿನ ನಂಬರ್ ಕೊಟ್ಟು ವಿಮೆಯ ಕೊಟೇಶನ್. ಆಮೇಲೆ ಗೇರ್‌ಬಾಕ್ಸ್, ಟರ್ಬೊ, ನಾಲ್ಕು ಟೈರು, ಮುಂದಿನ ಬಂಪರ್, ಇಷ್ಟರ ಬೆಲೆ. ಈ ಮೊತ್ತ ಹೋಮ್ ಲೋನ್ ಕಂತು ಕಟ್ಟಿದ ಮೇಲೂ ಪ್ರತ್ಯೇಕ ಖಾತೆಯಲ್ಲಿ ಉಳಿಯುತ್ತೆ ಅನ್ನೋದಾದರೆ ಮಾತ್ರ ಕೀ ಕೈಗೆ. ಈ ವರ್ಷ ಎರಡು ಕಾರಿಗೆ ಹೀಗೆ ಲೆಕ್ಕ ಹಾಕಿದೆ. ಎರಡನ್ನೂ ಓಡಿಸಿ ನೋಡೋ ಹಂತಕ್ಕೇ ಹೋಗಲಿಲ್ಲ. ಮೂರನೆಯದರ ಕೊಟೇಶನ್ ಸೋಮವಾರ ಬರುತ್ತೆ.